ಹಡಗು ಬಂದ ಹೊತ್ತಿನ ಪೂಜೆ

ಕೊಲಂಬೊದಿಂದ ಬಂದ ಗುರುಬಸಮ್ಮನವರು ನಮ್ಮ ಮನೆಯಲ್ಲಿ ಮೊದಲ ಎರಡು ದಿನ ಬರೀ ನಿದ್ದೆ ಮಾಡಿದರು. ನಡುಮನೆಯ ಕಂಬಕ್ಕೆ ಒರಗಿ ಕೂತವರು ಅಮ್ಮ ತಲೆದಿಂಬು ತರುವಷ್ಟರಲ್ಲಿ ಬರಿ ನೆಲದ ಮೇಲೆ ಜಾರಿರುತ್ತಿದ್ದರು. ಊಟಕ್ಕೆ ಎಬ್ಬಿಸಿದರೆ ಏಳುವರು, ಅರ್ಧ ಮುದ್ದೆ ನುಂಗುವರು, ಕೈ ತೊಳೆದು ಬಂದು ಅದೇ ಜಾಗದಲ್ಲಿ ಮತ್ತೆ ಮಲಗುವರು. ಮಲಗಿದಾಗ ಬಲಗೈ ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿಕೊಂಡಿರುತ್ತಿತ್ತು. ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ನಮ್ಮೆಲ್ಲರ ಕೊರಳಲ್ಲೂ ಇರುವಂಥದ್ದೇ. ಆದರೆ ನಾವು ಯಾರೂ ಹಾಗೆ ಕೈ ಮುಚ್ಚಿ ಮಲಗುವುದಿಲ್ಲ.

ಹಾಲು ಹಾಕಲು ಬಂದ ಮುನಿಯಕ್ಕ ಬಾಗಿಲಿನಿಂದಲೇ ಇಣುಕಿ, "ಏನವ್ವಾ, ಆಯಮ್ಮ ನಿದ್ದೆ ಮಾಡಕ್ಕೇ ಕೊಳಂಬಿಂದ ಬಂದವ್ರಾ? ಅಲ್ಲಿ ಚಾಪೆ ಸಿಕ್ಕಕ್ಕಿಲ್ವಾ?" ಅಂದಳು.

"ಮೆಲ್ಲಗೆ ಮಾತಾಡೇ. ಸಂಬಂಧ ಮಾಡೋಕೆ ಬಂದಿರೋರು," ಅಂದರು ಅಮ್ಮ.

ಸಂಬಂಧ ನನ್ನದೇ. ಬಿ.ಎ. ಮುಗಿಸಿ ಒಂದು ವರ್ಷವಾಗಿತ್ತು. ಐವತ್ತೆರಡನೇ ಇಸವಿಯಲ್ಲಿ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಬಿ.ಎ. ಮಾಡಿದ ಹುಡುಗಿ ನಾನೊಬ್ಬಳೇ. ಅದರಿಂದ ಲಾಭಕ್ಕಿಂತ ಕಷ್ಟವೇ ಹೆಚ್ಚು. ಬಂದ ಗಂಡುಗಳೆಲ್ಲ "ಇಷ್ಟು ಓದಿದೋಳು ನಮ್ಮ ಮಾತು ಕೇಳ್ತಾಳಾ" ಅಂತ ಅನುಮಾನಪಟ್ಟು ಹೋಗುತ್ತಿದ್ದರು. ಮಾತು ಕೇಳುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅನ್ನುವುದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಪಕ್ಕದವಳು ನನ್ನ ಪರವಾಗಿ ಉತ್ತರ ಕೊಡುತ್ತಿದ್ದಳು. ಹೇಳಬೇಕಾದದ್ದನ್ನೆಲ್ಲ ರಾತ್ರಿ ಡೈರಿಯಲ್ಲಿ ಬರೆದಿಟ್ಟು ಮಲಗುವುದು ನನ್ನ ಅಭ್ಯಾಸ.

ಗುರುಬಸಮ್ಮನವರ ಯಜಮಾನರು ವೃಷಭೇಂದ್ರಪ್ಪನವರು. ಅವರ ತಮ್ಮ ಏಕಾಂತಯ್ಯನವರೇ ವರ. ಅಣ್ಣತಮ್ಮಂದಿರದು ಕೊಲಂಬೊ ಹಡಗುಕಟ್ಟೆಯ ಎದುರಿಗೆ ಒಂದು ಅಂಗಡಿ. ಗಂಧದ ಆನೆ, ಗಂಧದ ಪೆಟ್ಟಿಗೆ, ಊದುಬತ್ತಿ. ದೂರದೂರದ ದೇಶಗಳಿಗೆ ಹೋಗುವ ಹಡಗುಗಳು ಅಲ್ಲಿ ನಾಲ್ಕೈದು ಗಂಟೆ ನಿಲ್ಲುತ್ತವಂತೆ, ಬಿಳಿಯರು ಇಳಿದು ಊರು ನೋಡಿಕೊಂಡು ಸಾಮಾನು ಕೊಂಡು ಹೋಗುತ್ತಾರಂತೆ. ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ಇಟ್ಟುಕೊಂಡು, ಮೈಸೂರು ಬಿಟ್ಟರೆ ಇನ್ನೊಂದು ಊರು ನೋಡದ ನಮ್ಮಪ್ಪ ಪರಮಶಿವಯ್ಯನವರಿಗೆ ಇದನ್ನು ಕೇಳಿ ತಲೆ ತಿರುಗಿತ್ತು.

"ಬಿಳಿಯರು ಅಷ್ಟು ದೂರದಿಂದ ನೋಡೋಕೆ ಬರೋ ಊರು ಕಣೇ! ನಮ್ಮ ಗಿರಿಜಾ ಅಲ್ಲೇ ಇರ್ತಾಳೆ ಅಂದ್ರೆ!"

ಹೆಣ್ಣು ನೋಡಲು ಬಂದ ದಿನ ವೃಷಭೇಂದ್ರಪ್ಪನವರು ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಒಂದನ್ನೂ ಕೇಳಲಿಲ್ಲ. "ದಿನಾ ಲಿಂಗಪೂಜೆ ಮಾಡ್ತೀಯಾಮ್ಮ? ಎಷ್ಟು ಹೊತ್ತು ಕೂರ್ತೀಯಾ?" ಅಂದರು.

ನನ್ನ ಪರವಾಗಿ ಅಪ್ಪ, "ಅರ್ಧ ಗಂಟೆಗೆ ಕಮ್ಮಿ ಇಲ್ಲ. ಅಲ್ಲಾಡಲ್ಲ," ಅಂದರು.

"ಅಲ್ಲಾಡಲ್ವಾ?" ವೃಷಭೇಂದ್ರಪ್ಪನವರ ಮುಖ ಅರಳಿತು. "ಅದು ಮುಖ್ಯ. ಇಂಗ್ಲಿಷ್ ಮಾತಾಡ್ತಾಳೆ ತಾನೆ?"

ಅವರು ಹೋದ ಮೇಲೆ ಅಪ್ಪ, "ಎಂಥಾ ಆಚಾರವಂತರು ನೋಡು. ವರದಕ್ಷಿಣೆ ಮಾತೇ ಎತ್ತಲಿಲ್ಲ," ಅಂತ ಮೂರು ಸಲ ಹೇಳಿದರು.

ಏಕಾಂತಯ್ಯನವರು ಆ ದಿನ ಒಂದೇ ಮಾತು ಆಡಿದ್ದು. ಕಾಫಿ ಲೋಟ ನನ್ನ ಕೈಗೇ ವಾಪಸು ಕೊಡುತ್ತ, "ಪುಸ್ತಕ ತರೋದಾದ್ರೆ ಅಲ್ಲಿ ತೇವಕ್ಕೆ ಹುಳ ಹಿಡಿಯುತ್ತೆ. ಗಂಧದ ಪೆಟ್ಟಿಗೆ ಮಾಡಿಸಿಕೊಡ್ತೀನಿ," ಅಂದರು. ಆ ಪೆಟ್ಟಿಗೆಯನ್ನು ನಾನು ಎರಡು ದಿನ ಮನಸ್ಸಿನಲ್ಲೇ ತೆಗೆದು ಮುಚ್ಚಿ ಮಾಡಿದೆ ಅನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಗಂಡಸರಿಬ್ಬರೂ ಗಂಧದ ಸಾಮಾನು ಕೊಳ್ಳಲು ಮೈಸೂರಿಗೆ ಹೋದರು. ಒಂಬತ್ತು ದಿನ ಬಿಟ್ಟು ಬಂದು ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು ಅಂತ ಮಾತಾಗಿತ್ತು. ಅಲ್ಲಿಯವರೆಗೆ ಗುರುಬಸಮ್ಮನವರು ನಮ್ಮಲ್ಲಿರಬೇಕು, ಹುಡುಗಿಗೆ ಆ ಊರಿನ ವಿಷಯ ಹೇಳಿ ಧೈರ್ಯ ತುಂಬಬೇಕು. ಅವರು ಅಮ್ಮನ ತವರಿನ ಕಡೆಯಿಂದ ದೂರದ ನೆಂಟರು, ಅಮ್ಮನನ್ನು ಅತ್ತೆ ಅನ್ನುತ್ತಿದ್ದರು. ವಯಸ್ಸು ಮೂವತ್ತನಾಲ್ಕು. ಕಣ್ಣಿನ ಕೆಳಗಿನ ಕಪ್ಪು ಮಾತ್ರ ಐವತ್ತರದು.

ಮೂರನೆಯ ದಿನ ಮಧ್ಯಾಹ್ನ ಅದು ನಡೆಯಿತು. ಅಮ್ಮ ಪಕ್ಕದ ಮನೆಗೆ ಹೋಗಿದ್ದರು. ನಾನು ನಡುಮನೆಯಲ್ಲಿ ಓದುತ್ತ ಕೂತಿದ್ದೆ, ಗುರುಬಸಮ್ಮನವರು ಕಂಬದ ಬುಡದಲ್ಲಿ ಮಲಗಿದ್ದರು. ಮಿಲ್ಲಿನ ಪಾಳಿ ಬದಲಾಗುವ ಸೈರನ್ನು ಕೂಗಿತು. ದಿನಾ ಕೂಗುತ್ತದೆ, ನಮಗೆ ಕೇಳಿಸುವುದೂ ಇಲ್ಲ. ಅವರು ಸೂಜಿ ಚುಚ್ಚಿಸಿಕೊಂಡವರಂತೆ ಎದ್ದು ಕೂತರು. ಕಣ್ಣು ಪೂರ್ತಿ ತೆರೆದಿರಲಿಲ್ಲ. ಟ್ರಂಕಿನಿಂದ ಹಸಿರು ರೇಷ್ಮೆ ಸೀರೆ ಎಳೆದು ಉಟ್ಟ ಸೀರೆಯ ಮೇಲೆಯೇ ಸುತ್ತಿಕೊಂಡರು. ಒಂದು ಡಬ್ಬಿಯಿಂದ ಮೂರು ಬೆರಳಲ್ಲಿ ಮುಖದ ಪೌಡರು ತೆಗೆದು ಹಣೆಗೆ ವಿಭೂತಿಯಂತೆ ಅಡ್ಡಪಟ್ಟೆ ಎಳೆದುಕೊಂಡರು. ಹಜಾರದ ಬಾಗಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ ಚಕ್ಕಳಮಕ್ಕಳ ಕೂತು, ಎಡ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಅಂಗೈ ಖಾಲಿ. ಮುಖದಲ್ಲಿ ನಗು. ಯಾರನ್ನೂ ನೋಡದ, ಆದರೆ ಯಾರು ಬೇಕಾದರೂ ನೋಡಬಹುದಾದಂಥ ನಗು.

ಬೀದಿಯಲ್ಲಿ ಖಾಲಿ ಪಾತ್ರೆ ಹೊತ್ತು ಹೋಗುತ್ತಿದ್ದ ಮುನಿಯಕ್ಕ ನಿಂತುಬಿಟ್ಟಳು. "ಅಯ್ಯಯ್ಯೋ! ಇದೇನವ್ವ, ದಸರಾ ಗೊಂಬೆ ಕೂರಿಸ್ದಂಗೆ ಕೂತವ್ರೆ! ಯಾರಾನಾ ಮೆರವಣಿಗೆ ಬತ್ತಾವ್ರಾ?"

ಆಗ ಗುರುಬಸಮ್ಮನವರಿಗೆ ಎಚ್ಚರವಾಯಿತು. ಬೀದಿ ನೋಡಿದರು, ಎದುರು ಮನೆಯ ಹುಣಸೆಮರ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಸರಕ್ಕನೆ ಎದ್ದು ಒಳಗೆ ಬಂದು ಹಣೆ ಒರೆಸಿಕೊಂಡರು.

"ಹಡಗು ಅಂದ್ಕೊಂಡೆ," ಅಂದರು. ಆಮೇಲೆ ನಕ್ಕರು. "ನಿಮ್ಮಮ್ಮನಿಗೆ ಹೇಳ್ಬೇಡ ಗಿರಿಜಾ. ಹುಚ್ಚಿ ಅಂದ್ಕೋತಾರೆ."

ನಾನು ಹೇಳಲಿಲ್ಲ. ಹೇಳದೇ ಇರುವುದು ನನಗೆ ಸುಲಭ. ಆದರೆ ಆ ನಗು ನನ್ನ ಜೊತೆ ಉಳಿಯಿತು.

ಮಾರನೆಯ ದಿನ ಅವರ ಜೊತೆ ಬಸ್ಸಿನಲ್ಲಿ ಮಲ್ಲೇಶ್ವರಕ್ಕೆ ಹೋದೆ. ಅವರ ಮಗಳು ಶೈಲಜಾ ಅಲ್ಲಿ, ಹನ್ನೊಂದನೇ ಕ್ರಾಸಿನಲ್ಲಿ, ಸೋದರತ್ತೆಯ ಮನೆಯಲ್ಲಿದ್ದಳು. ಹತ್ತು ವರ್ಷದ ಹುಡುಗಿ. ಕೊಲಂಬೊದ ಹವಾ ಆಗಲಿಲ್ಲ, ಕನ್ನಡ ಶಾಲೆಯೂ ಇಲ್ಲ ಅಂತ ಮೂರು ವರ್ಷದವಳಿದ್ದಾಗಲೇ ಇಲ್ಲಿ ಬಿಟ್ಟಿದ್ದರಂತೆ. ನಾವು ಹೋದಾಗ ಅವಳು ಜಗುಲಿಯ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದಳು. ತಾಯಿಯನ್ನು ನೋಡಿ ಆಟ ನಿಲ್ಲಿಸಿ, ಒಳಗೆ ತಿರುಗಿ, "ಅಮ್ಮಾ, ಕೊಲಂಬೊ ಅಮ್ಮ ಬಂದಿದಾರೆ," ಅಂತ ಕೂಗಿದಳು. ಒಳಗಿನಿಂದ ಬಂದ ಅಮ್ಮ ಅವಳ ಸೋದರತ್ತೆ.

ಗುರುಬಸಮ್ಮನವರು ತಂದಿದ್ದ ರಿಬ್ಬನ್ನು, ಬಿಸ್ಕತ್ತಿನ ಡಬ್ಬ ಎಲ್ಲ ಕೊಟ್ಟರು. ಮಗು ಒಳ್ಳೆಯ ಹುಡುಗಿ, ಎಲ್ಲಕ್ಕೂ "ಚೆನ್ನಾಗಿದೆ" ಅಂದಳು. ತಲೆ ಬಾಚುತ್ತೀನಿ ಬಾ ಅಂದರೆ, "ಬೆಳಿಗ್ಗೆ ಅಮ್ಮ ಬಾಚಿದಾರೆ," ಅಂದಳು. ಆಮೇಲೆ, ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ, "ನೀವು ಯಾವತ್ತು ವಾಪಸು ಹೋಗ್ತೀರಾ?" ಅಂತ ಕೇಳಿದಳು.

"ಈ ಸಲ ಹೋಗಲ್ಲ ಅಂದ್ರೆ?"

ಮಗು ಯೋಚಿಸಿದಳು. "ಎಲ್ಲಿರ್ತೀರಾ?"

"ಇಲ್ಲೇ ಮನೆ ಮಾಡ್ತೀನಿ. ನೀನೂ ನಾನೂ. ಈ ಗಿರಿಜಕ್ಕ ನನ್ನ ಬದಲಿಗೆ ಅಲ್ಲಿ ಹೋಗ್ತೀನಿ ಅಂತ ಒಪ್ಪಿದ್ರೆ."

ನಗುತ್ತ ಹೇಳಿದ ಮಾತು. ಮಗು ನನ್ನ ಮುಖ ನೋಡಿದಳು. ನಾನು ಬಿಸ್ಕತ್ತಿನ ಡಬ್ಬದ ಮೇಲಿನ ತೆಂಗಿನಮರದ ಚಿತ್ರ ನೋಡುತ್ತ ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ವಿಷಯವನ್ನು ಬಿಡಿಸಿ ಹೇಳಿದರು. ಅಲ್ಲಿ ಇರಲು ಹೊರಗಿನವರಿಗೆಲ್ಲ ಈಗ ಪರ್ಮಿಟ್ಟು ಬೇಕು, ಎರಡೆರಡು ವರ್ಷದ್ದು. ಅವರದು ದೀಪಾವಳಿಗೆ ಮುಗಿಯುತ್ತದೆ. ಏಕಾಂತನ ಹೆಂಡತಿ ಬಂದರೆ ಗುರುಬಸಮ್ಮನವರ ಪರ್ಮಿಟ್ಟು ಹೊಸದು ಮಾಡಿಸುವುದಿಲ್ಲ, ಅವರು ಮಗಳ ಜೊತೆ ಬೆಂಗಳೂರಿನಲ್ಲೇ ಉಳಿಯಬಹುದು. ಬರದಿದ್ದರೆ ಇನ್ನೆರಡು ವರ್ಷ. ಯಜಮಾನರು ಮಾತು ಕೊಟ್ಟಿದ್ದಾರೆ.

"ನಿನ್ನ ಮೇಲೆ ಭಾರ ಹಾಕ್ತಿಲ್ಲ," ಅಂದರು. "ಇದ್ದದ್ದು ಹೇಳ್ದೆ." ಹೇಳಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಮೆಜೆಸ್ಟಿಕ್ ಬಂದಾಗ ಎಬ್ಬಿಸಬೇಕಾಯಿತು.

ಆ ವಾರವೆಲ್ಲ ಬೀದಿಯ ಹೆಂಗಸರು ಬಂದು ಬಂದು ಅವರನ್ನು ಮಾತಾಡಿಸಿದರು. ಸಮುದ್ರ ಹೆಂಗಿದೆ, ಅನಾನಸ್ ಎಷ್ಟು ದಪ್ಪ, ಬಿಳಿ ಹೆಂಗಸರು ನಿಜವಾಗಿಯೂ ಅರ್ಧ ಬಟ್ಟೆಯಲ್ಲಿ ಮರಳ ಮೇಲೆ ಬಿದ್ದುಕೊಂಡಿರುತ್ತಾರಾ. ಗುರುಬಸಮ್ಮನವರು ಎಲ್ಲಕ್ಕೂ ಚೊಕ್ಕವಾಗಿ, ಒಂದೇ ರಾಗದಲ್ಲಿ ಉತ್ತರ ಕೊಟ್ಟರು. "ಸಮುದ್ರ ಮನೆ ಮುಂದೇನೇ. ಗಾಳಿ ಅಂದ್ರೆ ಗಾಳಿ. ವರ್ಷವೆಲ್ಲ ಹಸಿರು." ನಾನು ಬಾಗಿಲ ಸಂದಿಯಲ್ಲಿ ನಿಂತು ಅದೇ ಮೂರು ವಾಕ್ಯಗಳನ್ನು ಐದು ಸಲ ಕೇಳಿದೆ.

ಶುಕ್ರವಾರ ಮಧ್ಯಾಹ್ನ ತಾರಸಿಯ ಮೇಲೆ ಸಂಡಿಗೆ ಹಾಕಿದ್ದೆವು. ಅವರ ಜೊತೆ ಕಳಿಸುವುದಕ್ಕೇ ಅಮ್ಮ ಮಾಡಿಸಿದ್ದು. ಕಾಗೆ ಕಾಯಲು ನಾವಿಬ್ಬರು. ಅವರು ನೀರಿನ ತೊಟ್ಟಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದೆ.

"ಅಕ್ಕಾ, ಅಲ್ಲಿ ಒಂದು ದಿನ ಹೆಂಗಿರುತ್ತೆ? ಬೆಳಿಗ್ಗೆ ಎದ್ದಾಗಿನಿಂದ?"

ಅವರು ತಕ್ಷಣ "ಗಾಳಿ ಅಂದ್ರೆ..." ಅಂತ ಶುರು ಮಾಡಿ ನಿಲ್ಲಿಸಿದರು. ನನ್ನನ್ನು ನೋಡಿದರು.

"ಎದ್ದಾಗಿನಿಂದಾನಾ?"

"ಹೂಂ."

"ಇದನ್ನ ಯಾರೂ ಕೇಳಿಲ್ಲ ನೋಡು. ಹದಿನಾಲ್ಕು ವರ್ಷದಲ್ಲಿ." ಕಾಗೆಗೆ ಒಂದು ಕಲ್ಲು ಎಸೆದರು. "ನಾಲ್ಕೂವರೆಗೆ ಏಳ್ತೀನಿ. ಒಂದು ನಲ್ಲಿಗೆ ಐದು ಮನೆಯೋರು. ಗುಜರಾತಿಯೋರು, ಸಿಂಧಿಯೋರು, ತಮಿಳರು. ಎಲ್ರೂ ಅಂಗಡಿಯೋರೇ, ಎಲ್ರೂ ಎರಡು ವರ್ಷಕ್ಕೆ ಊರಿಗೆ ಹೋಗ್ಬಿಡ್ತೀವಿ ಅನ್ನೋರೇ. ಎಲ್ರ ಕಿಟಕೀಲೂ ಊರಿನ ಕ್ಯಾಲೆಂಡರು. ಕನ್ನಡದೋರು ನಾವೊಂದೇ ಮನೆ. ಇವರು ಅಂಗಡಿಗೆ ಇಳಿದ್ರೆ ಮುಗೀತು. ಒಂದೊಂದು ದಿನ ಕನ್ನಡದಲ್ಲಿ ಹತ್ತು ಮಾತೂ ಆಡಿರಲ್ಲ. ಕೆಳಗೆ ನಮ್ಮಂಗಡಿ ಪಕ್ಕಾನೇ ಒಣಮೀನಿನ ಮಳಿಗೆ. ಮೊದಲ ವರ್ಷ ಅನ್ನ ಇಳೀಲಿಲ್ಲ. ಈಗ ಇಲ್ಲಿಗೆ ಬಂದ್ಮೇಲೆ ಆ ವಾಸನೆ ಇಲ್ದೆ ಏನೋ ಮರೆತು ಬಂದಂಗಾಗಿದೆ, ಅಷ್ಟು ಹಾಳಾಗಿದೀನಿ. ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತೆ. ಈ ಸಂಡಿಗೇನೂ ಅಷ್ಟೆ, ನಿಮ್ಮಮ್ಮನಿಗೆ ಹೇಳ್ಬೇಡ. ಅಲ್ಲಿ ವಿಭೂತಿನೂ ಬೆವರುತ್ತೆ ಗಿರಿಜಾ."

"ಸಮುದ್ರ?"

"ಅಡುಗೆಮನೆ ಕಿಟಕೀಲಿ ಒಂದು ತುಂಡು ಕಾಣುತ್ತೆ. ಟವಲ್ಲಿನಷ್ಟು. ಕಾಲು ಅದ್ದಿಲ್ಲ ಒಂದಿನಾನೂ. ಹಡಗಿಲ್ಲದ ದಿನ ಅಂಗಡಿ ಧೂಳು ಹೊಡೀಬೇಕು, ಹಡಗಿದ್ದ ದಿನ ಕೂರ್ಬೇಕು."

"ಎಲ್ಲಿ ಕೂರ್ಬೇಕು?"

ಅವರು ಇನ್ನೊಂದು ಕಲ್ಲು ಹುಡುಕಿ ಕಾಗೆಗೆ ಎಸೆದರು. ನಾನು ಮತ್ತೆ ಕೇಳಲಿಲ್ಲ. ಕೇಳದೆ ಕಾಯುವುದು ನನಗೆ ಬರುತ್ತದೆ.

"ಅಂಗಡಿ ಒಳಗೆ ಮೂಲೇಲಿ, ಪರದೆ ಹಿಂದೆ ಪೂಜೆಗೆ ಕೂರ್ತಿದ್ದೆ ಮೊದಲು," ಅಂದರು ಕೊನೆಗೆ. "ಮೇಲೆ ಮನೇಲಿ ಜಾಗ ಇಲ್ಲ ಅಂತ. ಒಂದಿನ ಯಾರೋ ಬಿಳಿ ಹೆಂಗಸು ಪರದೆ ಸರಿಸಿ ನೋಡಿದ್ಲು. ಗಂಡನ್ನ ಕರೆದ್ಲು. ಅವನು ಫೋಟೋ ಹಿಡಿದ. ಪೂಜೆ ಮುಗಿಯೋತನಕ ನಿಂತ್ಕೊಂಡಿದ್ದು, ಆಮೇಲೆ ಒಂದು ಕಟ್ಟು ಊದುಬತ್ತಿ, ಎರಡು ಆನೆ ತಗೊಂಡು ಹೋದ್ರು. ಇವರು ಅದನ್ನೇ ನೋಡ್ತಿದ್ರು. ಮುಂದಿನ ವಾರ ಮಣೆ ಮುಂದಕ್ಕೆ ಬಂತು. ಆಮೇಲೆ ಬಾಗಿಲ ಹತ್ರ ಒಂದು ಕಟ್ಟೆ ಕಟ್ಟಿಸಿದ್ರು, ಹಿಂದೆ ಹೊಸ ಪರದೆ ಹಾಕ್ಸಿದ್ರು, ರೇಷ್ಮೆ ಸೀರೆ ಬಂತು. ಹಡಗು ಕೂಗಿದ್ರೆ ಪೂಜೆ. ಅಲ್ಲೀತನಕ ಬಾಯಿಗೆ ನೀರು ಬಿಟ್ರೆ ಏನೂ ಹಾಕೋಹಂಗಿಲ್ಲ. ಹಡಗು ಹೇಳಿದ ಹೊತ್ತಿಗೆ ಬರುತ್ತಾ? ನನ್ನ ಹೊಟ್ಟೆ ಹಡಗಿಗೆ ಕಾಯೋದು. ಮೂರು ಹಡಗು ಬಂದ ದಿನ ಮೂರು ಪೂಜೆ."

ನಮ್ಮಲ್ಲಿ ಇಷ್ಟಲಿಂಗವನ್ನು ಹೆತ್ತ ತಾಯಿಗೂ ಕೈಗೆ ಕೊಡುವುದಿಲ್ಲ. ಪೂಜೆಯ ಹೊತ್ತಿಗೆ ಸೆರಗು ಮರೆ ಮಾಡಿಕೊಳ್ಳುತ್ತೇವೆ. ನನಗೆ ಹಜಾರದಲ್ಲಿ ಬೀದಿಗೆ ಎತ್ತಿ ಹಿಡಿದಿದ್ದ ಆ ಖಾಲಿ ಅಂಗೈ ನೆನಪಾಯಿತು.

"ಬೇಡ ಅನ್ನಲಿಲ್ವಾ ಅಕ್ಕ?"

"ಅಂದೆ. ದೇವರ ಪೂಜೆ ತಾನೆ, ಯಾರು ನೋಡಿದ್ರೇನು, ಪುಣ್ಯ ಅವರಿಗೂ ಬರಲಿ ಅಂದ್ರು. ಅದಕ್ಕೆ ಏನು ಉತ್ತರ? ಎರಡು ವರ್ಷ ಹಂಗೇ ಮಾಡ್ದೆ. ಒಂದಿನ ಒಬ್ಬ ಮುದುಕ ಬಗ್ಗಿ, 'ಏನಿದು' ಅಂತ ಬೆರಳಲ್ಲಿ ಮುಟ್ಟಿಬಿಟ್ಟ. ನನ್ನ ಅಂಗೈ ಮೇಲಿರೋವಾಗ. ಪಾಪ, ಅವನಿಗೇನು ಗೊತ್ತು."

ಅವರು ಸೆರಗಿನ ಗಂಟು ಬಿಚ್ಚಿ ಏನೋ ತೆಗೆದು ಬಿಸಿಲಿಗೆ ಹಿಡಿದರು. ಕಪ್ಪಗೆ, ಗುಂಡಗೆ, ನುಣ್ಣಗೆ ಹೊಳೆಯುತ್ತಿತ್ತು. ನಾನು ತಟಕ್ಕನೆ ಕಣ್ಣು ತಗ್ಗಿಸಿದೆ.

"ನೋಡು, ಪರವಾಗಿಲ್ಲ. ಅಂಟುವಾಳದ ಬೀಜ. ತಲೆಗೆ ಉಜ್ಕೊಳ್ಳೋ ಅಂಟುವಾಳ. ಮಾರನೇ ದಿನದಿಂದ ಇದೇ. ಮೂರು ವರ್ಷ ಆಯ್ತು. ನಿಜವಾದದ್ದು ನಾಲ್ಕೂವರೆಗೇ ಮೇಲೆ, ನಲ್ಲಿಗೆ ಹೋಗೋಕೆ ಮುಂಚೆ. ಇವರಿಗೂ ಗೊತ್ತಿಲ್ಲ. ನಿಂಗೊಬ್ಬಳಿಗೇ ಹೇಳ್ತಿರೋದು."

ನಾನು ನಕ್ಕೆ. ಅವರೂ ನಕ್ಕರು. ಎಷ್ಟೋ ಊರಿನ ಬಿಳಿಯರ ಮನೆಗಳಲ್ಲಿ ಅಂಟುವಾಳಕ್ಕೆ ಕೈಮುಗಿದ ಗುರುಬಸಮ್ಮನವರ ಫೋಟೋ ಇರುವುದನ್ನು ನೆನೆಸಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಕಾಗೆಗಳು ಒಂದು ಸಾಲು ಸಂಡಿಗೆ ತಿಂದು ಮುಗಿಸಿದ್ದವು.

"ಪೂಜೆ ಮುಗಿದ್ಮೇಲೆ 'ಥ್ಯಾಂಕ್ಯೂ ಮೇಡಂ, ಕಮ್ ಅಗೇನ್' ಅನ್ಬೇಕು," ಅಂದರು ಕಣ್ಣೊರೆಸಿಕೊಳ್ಳುತ್ತ. "ಯಾರು ಬರ್ತಾರೆ ಮತ್ತೆ? ಒಬ್ಬರ ಮುಖಾನೂ ಎರಡನೇ ಸಲ ನೋಡಿಲ್ಲ. ಅದೇನೂ ಅಲ್ಲ ಬಿಡು. ಇನ್ನೊಂದಾಗಿದೆ. ಬೆಳಿಗ್ಗೆ ನಿಜವಾದದ್ದನ್ನ ಅಂಗೈಲಿಟ್ಕೊಂಡು ಕಣ್ಣುಮುಚ್ಚಿದ್ರೆ, ನಗು ಬಂದ್ಬಿಡುತ್ತೆ ಮುಖಕ್ಕೆ. ಆ ನಗು. ನಾನು ತರಿಸ್ಕೊಳ್ಳಲ್ಲ, ತಾನೇ ಬರುತ್ತೆ. ಒಬ್ಬಳೇ ಇದ್ರೂ ಯಾರೋ ನೋಡ್ತಿರೋ ಹಂಗೆ. ಬೀಜ ಇಟ್ಕೊಂಡು ಏನೂ ಉಳಿಸ್ಕೊಂಡಂಗಾಗಲಿಲ್ಲ."

ನಾನು ಎದ್ದು ಹೋಗಿ ಕಾಗೆ ಓಡಿಸಿ ಬಂದೆ.

"ಇವರಿಗೆ ನನ್ನ ಮುಖ ಸಾಕಾಗಿದೆ. ಫೋಟೋದಲ್ಲಿ ಕಣ್ಣು ಗುಳಿ ಬೀಳುತ್ತೆ ಅಂತಾರೆ. ನೀನು ಎಳೇ ಹುಡುಗಿ, ಇಂಗ್ಲಿಷ್ ಬರುತ್ತೆ, ಅಲ್ಲಾಡಲ್ಲ." ಸಂಡಿಗೆ ಬಟ್ಟೆಯ ಅಂಚು ಸರಿಮಾಡಿದರು. "ಹೇಳ್ಬಾರದು ಅಂತಿದ್ದೆ. ನೀನು ಕೇಳಬಾರದಿತ್ತು ಗಿರಿಜಾ."

ಎರಡು ರಾತ್ರಿ ಡೈರಿಯಲ್ಲಿ ಏನೂ ಬರೆಯಲಾಗಲಿಲ್ಲ. ಒಂದು ಕಡೆ ಶೈಲಜಾಳ ಬಾಚಿದ ತಲೆ. ಇನ್ನೊಂದು ಕಡೆ ಆ ಕಟ್ಟೆ, ಪರದೆ. ನಡುವೆ ಒಂದು ಗಂಧದ ಪೆಟ್ಟಿಗೆ. ನಾನು ಹೋದರೆ ಅವರು ಉಳಿಯುತ್ತಾರೆ. ನಾನೂ ಒಂದು ಬೀಜ ಇಟ್ಟುಕೊಳ್ಳಬಹುದು. ನಾನು ಅವರಿಗಿಂತ ಚೆನ್ನಾಗಿ ಸುಮ್ಮನೆ ಕೂರಬಲ್ಲೆ. ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೇನೆ. ಹೀಗೆಲ್ಲ ಲೆಕ್ಕ ಹಾಕಿದೆ, ಲೆಕ್ಕ ಪ್ರತಿ ಸಲವೂ ಹೋಗುವುದೇ ಸರಿ ಅನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಅಣ್ಣತಮ್ಮಂದಿರು ಬಂದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಸಿದ್ಧವಿತ್ತು. ವೃಷಭೇಂದ್ರಪ್ಪನವರ ಕೊರಳಲ್ಲಿ ಒಂದು ಕ್ಯಾಮೆರಾ ನೇತಾಡುತ್ತಿತ್ತು.

"ಪರಮಶಿವಯ್ಯನೋರೇ, ತಟ್ಟೆ ಬದಲಾಯಿಸೋಕೆ ಮುಂಚೆ ಒಂದಾಸೆ," ಅಂದರು. "ಮಗು ಪೂಜೆಗೆ ಕೂತಿದ್ದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು. ನಮಗೆ ಅದಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ."

ಅಪ್ಪ ಕರಗಿಹೋದರು. "ಅದಕ್ಕೇನಂತೆ! ಇನ್ನೂ ಪೂಜೆ ಆಗಿಲ್ಲ ಅವಳದು. ಗಿರಿಜಾ, ಬಾಮ್ಮ."

ದೇವರ ಕೋಣೆ ಚಿಕ್ಕದು, ಅಷ್ಟು ಜನ ನಿಲ್ಲುವುದಕ್ಕಾಗದು ಅಂತ ಅಮ್ಮ ನಡುಮನೆಯಲ್ಲೇ ಮಣೆ ಹಾಕಿದರು. ವೃಷಭೇಂದ್ರಪ್ಪನವರು ಬಗ್ಗಿ ಮಣೆಯನ್ನು ಬಾಗಿಲಿನ ಕಡೆಗೆ ಸ್ವಲ್ಪ ಓರೆ ಮಾಡಿದರು. "ಈ ಕಡೆ ಬೆಳಕು ಚೆನ್ನಾಗಿದೆ." ಅಷ್ಟು ಸಹಜವಾಗಿ ಮಾಡಿದರು, ಅಪ್ಪ ಅಮ್ಮ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಗುರುಬಸಮ್ಮನವರು ಕಂಬದ ಹತ್ತಿರ ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ, ಮಣೆಯನ್ನೇ ನೋಡುತ್ತಿದ್ದರು.

ನಾನು ಕೂರಬೇಕು ಅಂತಲೇ ಹೋದೆ. ನಿಜವಾಗಿಯೂ ಹೋದೆ. ಹತ್ತಿರ ಹೋದಾಗ ಕೈ ತಾನಾಗಿ ಮಣೆಯನ್ನು ಎತ್ತಿಕೊಂಡಿತು. ಗೋಡೆಯ ಕಡೆಗೆ ತಿರುಗಿಸಿ ಇಟ್ಟು, ಎಲ್ಲರಿಗೂ ಬೆನ್ನು ಮಾಡಿ ಕೂತು, ತಲೆಯ ಮೇಲಿಂದ ಸೆರಗು ಹೊದ್ದೆ.

"ತಾಯೀ, ಈ ಕಡೆ," ಅಂದರು ವೃಷಭೇಂದ್ರಪ್ಪನವರು.

ನಾನು ಕರಡಿಗೆ ಬಿಚ್ಚಿದೆ.

"ನಾಚಿಕೆ ಸ್ವಭಾವ," ಅಂದರು ಅಪ್ಪ. "ತಿರುಗಮ್ಮ ಗಿರಿಜಾ, ನಮ್ಮವರೇ ತಾನೆ."

"ಇಲ್ಲ," ಅಂದೆ. ಸುಣ್ಣದ ಗೋಡೆಗೆ ತಗುಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಅಲ್ಲೂ ತಿರುಗಲ್ಲ."

ಯಾರೋ ಗಂಟಲು ಸರಿಮಾಡಿಕೊಂಡರು. ಏಕಾಂತಯ್ಯನವರು ಇರಬೇಕು. ಏನಾದರೂ ಹೇಳುತ್ತಾರೆ ಅಂತ ಕಾದೆ. ಹೇಳಲಿಲ್ಲ.

"ನೀನು ಹೇಳಿದ್ಯಾ?" ವೃಷಭೇಂದ್ರಪ್ಪನವರ ದನಿ. ನನಗಲ್ಲ.

"ಕೇಳಿದ್ಲು. ಹೇಳ್ದೆ," ಅಂದರು ಗುರುಬಸಮ್ಮನವರು.

ಆಮೇಲೆ ಎಲ್ಲ ಹೊರಗೆ ಬಂತು. ಅಪ್ಪ ಒಂದೊಂದೇ ಕೇಳಿದರು, ವೃಷಭೇಂದ್ರಪ್ಪನವರು ಮುಚ್ಚುಮರೆಯಿಲ್ಲದೆ ಹೇಳಿದರು. "ಕಳ್ಳತನ ಮಾಡ್ತಿದೀವಾ ಸ್ವಾಮಿ? ಪರದೇಶದಲ್ಲಿ ಹೊಟ್ಟೆಪಾಡು. ಬೀದೀಲಿ ಇಪ್ಪತ್ತು ಅಂಗಡಿ, ಎಲ್ಲರ ಹತ್ರಾನೂ ಅದೇ ಆನೆ. ನಮ್ಮ ಬಾಗಿಲಿಗೆ ಯಾಕೆ ಬರ್ಬೇಕು ಅವರು?" ಅವರ ದನಿಯಲ್ಲೂ ಸುಸ್ತಿತ್ತು. ಅವರೂ ನಾಲ್ಕೂವರೆಗೇ ಏಳುತ್ತಾರೋ ಏನೋ.

"ಲಿಂಗ ತೋರಿಸಿ ವ್ಯಾಪಾರ ಮಾಡ್ತೀರಾ," ಅಂದರು ಅಪ್ಪ. ಕೂಗಲಿಲ್ಲ. "ನೀನೂ ಕೂತ್ಕೊಂಡ್ಯಲ್ಲಮ್ಮ ಗುರುಬಸಮ್ಮ."

ಅದು ಲಿಂಗವಲ್ಲ ಅಂತ ಹೇಳಲು ನನಗೆ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅಪ್ಪನ ಎದುರು ಗುರುಬಸಮ್ಮನವರ ಮಾನ ಉಳಿಯುತ್ತಿತ್ತು, ಗಂಡನ ಎದುರು ಅವರು ಸಿಕ್ಕಿಬೀಳುತ್ತಿದ್ದರು. ಅವರೂ ಹೇಳಲಿಲ್ಲ. ನಾನು ಅಂಗೈ ನೋಡುತ್ತ ಕೂತೆ. ಮಂತ್ರ ಒಂದಕ್ಷರ ನೆನಪಿಗೆ ಬರಲಿಲ್ಲ. ಆ ಬೆಳಿಗ್ಗೆ ನಾನು ಮಾಡಿದ್ದೂ ಪೂಜೆಯಲ್ಲ.

ತಟ್ಟೆ ಒಳಗೆ ಹೋಯಿತು. ಅಣ್ಣತಮ್ಮಂದಿರು ಕಾಫಿ ಕುಡಿಯದೆ ಎದ್ದರು. "ನಾಳೆ ರಾತ್ರಿ ಮದರಾಸಿನ ಗಾಡಿ. ಬೆಳಿಗ್ಗೆ ಜಟಕಾ ಕಳಿಸ್ತೀನಿ, ತಯಾರಾಗಿರು," ಅಂತ ಹೆಂಡತಿಗೆ ಹೇಳಿ ವೃಷಭೇಂದ್ರಪ್ಪನವರು ಹೊರಟರು. ಹೊಸ್ತಿಲ ಹತ್ತಿರ ನಿಂತು, "ದೀಪಾವಳಿಗೆ ಮುಂಚೆ ನಿನ್ನ ಪರ್ಮಿಟ್ಟಿಗೆ ಅರ್ಜಿ ಹಾಕ್ಬೇಕು," ಅಂದರು.

"ಹೂಂ," ಅಂದರು ಗುರುಬಸಮ್ಮನವರು.

ಆ ದಿನ ಅವರು ಮಲಗಲಿಲ್ಲ. ಅಮ್ಮನ ಜೊತೆ ಕೂತು ಸಂಡಿಗೆ ಡಬ್ಬಕ್ಕೆ ತುಂಬಿದರು, ಚಟ್ನಿಪುಡಿ ಕಟ್ಟಿದರು. ಬೂಷ್ಟು ಹಿಡಿಯುತ್ತೆ ಅಂತ ಹೇಳಲೇ ಇಲ್ಲ. ನನ್ನ ಜೊತೆ ಮಾತಾಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ನಾನು ಎದ್ದು ಬಂದಾಗ ಅವರು ದೇವರ ಕೋಣೆಯಲ್ಲಿದ್ದರು. ಗೋಡೆಗೆ ಮುಖ, ಬಾಗಿಲಿಗೆ ಬೆನ್ನು, ತಲೆ ತುಂಬ ಸೆರಗು. ಇಷ್ಟು ದಿನ ನಮ್ಮ ಮನೆಯಲ್ಲಿ ಅವರು ನಾವೆಲ್ಲ ಏಳುವ ಮುಂಚೆಯೇ ಪೂಜೆ ಮುಗಿಸಿರುತ್ತಿದ್ದರು. ಹಾಗಾಗಿ ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಟುಹೋಗಬೇಕಿತ್ತು, ಹೋಗಲಾಗಲಿಲ್ಲ. ಏಳು ಗಂಟೆಯ ಸೈರನ್ನು ಕೂಗಿತು. ಅವರ ಭುಜ ಎರಡೂ ಸರಕ್ಕನೆ ಮೇಲೆದ್ದವು. ಒಂದು ಮಂಡಿ ನೆಲ ಬಿಟ್ಟಿತು. ಸೈರನ್ನು ಕೂಗುತ್ತಲೇ ಇತ್ತು. ಮಂಡಿ ಮೆಲ್ಲಗೆ ಕೆಳಗಿಳಿಯಿತು. ಭುಜ ಇಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅವರು ಏಳಲಿಲ್ಲ. ಮುಖದಲ್ಲಿ ನಗು ಇತ್ತೋ ಇಲ್ಲವೋ ನನಗೆ ಕಾಣಲಿಲ್ಲ.

ಎಂಟೂವರೆಗೆ ಜಟಕಾ ಬಂತು. ಅಮ್ಮ ಕುಂಕುಮ ಕೊಟ್ಟರು. ಅಪ್ಪ ಅಂಗಡಿಗೆ ಬೇಗ ಹೋಗಿಬಿಟ್ಟಿದ್ದರು. ನಾನು ಟ್ರಂಕಿನ ಒಂದು ಹಿಡಿ ಹಿಡಿದು ಬೀದಿಯವರೆಗೆ ಹೋದೆ. ಅವರು ಮೇಲೆ ಹತ್ತಿ ಕೂತು, ಸಂಡಿಗೆಯ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಮೊದಲ ಸಲ ನನ್ನ ಮುಖ ನೋಡಿದರು.

"ಕೋಪ ಇಲ್ಲ ಅಂತ ಹೇಳ್ಬೇಕು ಅಂತಿದ್ದೆ ಗಿರಿಜಾ. ಇದೆ. ಸ್ವಲ್ಪ ಇದೆ. ಹಡಗು ಹತ್ತೋ ಹೊತ್ತಿಗೆ ಹೋಗುತ್ತೆ."

"ಶೈಲಜಾನ ನಾನು ತಿಂಗಳಿಗೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ," ಅಂದೆ. ನನಗೆ ಕೊಡಲು ಇದ್ದದ್ದು ಅಷ್ಟೆ. ಎಷ್ಟು ಕಡಿಮೆ ಅನ್ನುವುದು ಹೇಳುವಾಗಲೇ ಗೊತ್ತಾಯಿತು.

"ತಲೆ ಬಾಚ್ಬೇಡ," ಅಂದರು. "ಅವಳಿಗೆ ಇಷ್ಟ ಆಗಲ್ಲ."

ಹಾಲಿನ ಪಾತ್ರೆ ಹೊತ್ತ ಮುನಿಯಕ್ಕ ಎದುರಿಗೆ ಬಂದು ಗಾಡಿಗೆ ದಾರಿ ಬಿಟ್ಟು ನಿಂತಳು. "ಹೊಂಟ್ರಾ ಕೊಳಂಬಮ್ಮಾ? ನಿದ್ದೆ ಮುಗೀತಾ?"

"ಮುಗೀತು ಮುನಿಯಕ್ಕ," ಅಂದರು ಗುರುಬಸಮ್ಮನವರು.

ಜಟಕಾ ಹೊರಟಿತು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅವರ ತಲೆ ಪಕ್ಕದ ಕಂಬಿಗೆ ಒರಗಿತ್ತು.